ಪದವಿ ಶಿಕ್ಷಣದಲ್ಲಿ ಕಸುಬಿನ ಕಲಿಕೆ: ರೈತರು ಕೇಳಬೇಕಾದುದೇನು?



ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವವರನ್ನು ನೋಡಿರಿ. ಮಂಗಳೂರು, ಕಾರ್ಕಳ, ವೇಣೂರು, ಉಪ್ಪಿನಂಗಡಿ, ಉಜಿರೆ ಕಡೆಯ ರಸ್ತೆಗಳು ಕೂಡುವ ಆ ಸ್ಥಳದಲ್ಲಿ ಆಗ ನಿಂತಿರುವವರಲ್ಲಿ ಹೆಚ್ಚಿನವರು ಕಾಲೇಜಿಗೆ ಹೊರಟ ಹುಡುಗ ಹುಡುಗಿಯರು. ಇವರಲ್ಲಿ ಬಹಳ ಮಂದಿಯ ಮನೆಯಲ್ಲಿ ಒಂದಿಷ್ಟು ಅಡಿಕೆ ತೋಟ ಇದೆ. ನಾಲ್ಕು ತೆಂಗು, ಒಂದು ಪಂಪು, ಎರಡು ದನ ಇವೆ. ಅದೇ ಹೊತ್ತಿಗೆ ಅದೇ ಮನೆಯ ಯಜಮಾನರು ಫೋನು ಹಿಡಿದು "ಮದ್ದು ಬಿಡಲಿಕ್ಕೆ ಜನ ಉಂಟಾ?" ಎಂದು ನಾಲ್ಕು ಕಡೆ ವಿಚಾರಿಸುತ್ತಿರುತ್ತಾರೆ. ಮಗ ವಾಣಿಜ್ಯ ಪದವಿಯ ಎರಡನೆಯ ವರ್ಷದಲ್ಲಿದ್ದಾನೆ. ತೋಟಕ್ಕೆ ಬೇಕಾದ ಕೆಲಸ ಅವನಿಗೆ ತಿಳಿಯದು, ಅವನು ಕಲಿಯುತ್ತಿರುವ ವಿದ್ಯೆಯಿಂದ ತೋಟಕ್ಕೆ ಆಗುವ ಉಪಕಾರ ಏನೆಂಬುದು ತಂದೆಗೂ ತಿಳಿಯದು.

ಉನ್ನತ ಶಿಕ್ಷಣದೊಳಗೆ ವೃತ್ತಿ ತರಬೇತಿಯನ್ನು ತರಬೇಕೆಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2025ರ ಹೊತ್ತಿಗೆ ಶಾಲೆ ಹಾಗೂ ಕಾಲೇಜುಗಳ ಕನಿಷ್ಠ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗೆ ಯಾವುದಾದರೊಂದು ಕಸುಬಿನ ಪರಿಚಯವಾಗಬೇಕೆಂದು ಗುರಿ ಇಟ್ಟಿತ್ತು. ನಮ್ಮ ದೇಶದಲ್ಲಿ 19ರಿಂದ 24 ವರ್ಷದ ದುಡಿಯುವ ಯುವಜನರಲ್ಲಿ ಕ್ರಮಬದ್ಧವಾದ ವೃತ್ತಿ ಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತಲೂ ಕಡಿಮೆ, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96 ಎಂಬ ಅಂಕಿ ಅಂಶವನ್ನೂ ಅದೇ ನೀತಿ ಪತ್ರ ಎತ್ತಿ ಹೇಳಿದೆ. ಕರ್ನಾಟಕವು 2021ರಲ್ಲಿ ಆ ನೀತಿಯನ್ನು ಪದವಿ ಕಾಲೇಜುಗಳಿಗೆ ಅಳವಡಿಸಿ, 2024ರಲ್ಲಿ ಪುನಃ ಮೂರು ವರ್ಷದ ಪದವಿ ಕ್ರಮಕ್ಕೆ ಮರಳಿತು. ನೀತಿಯ ಹೆಸರು ಬದಲಾದರೂ 'ಕೌಶಲ' ಎಂಬ ಶಬ್ದ ಮಾತ್ರ ಪಠ್ಯಕ್ರಮದಿಂದ ಹೊರಗೆ ಹೋಗಿಲ್ಲ.

ಇದು ಅಧ್ಯಾಪಕರಿಗೂ ಅಧಿಕಾರಿಗಳಿಗೂ ಬಿಟ್ಟ ವಿಷಯ ಎಂದು ರೈತರು ಸುಮ್ಮನಿರುವಂತಿಲ್ಲ. ಯಾವ ಕಸುಬು, ಯಾರಿಗೆ, ಯಾರಿಂದ, ಯಾವ ತಿಂಗಳಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ರೈತರು ಉತ್ತರ ಕೊಡದಿದ್ದರೆ ಬೇರೆಯವರು ಕೊಡುತ್ತಾರೆ. ಆಗ ಕೌಶಲವೆಂದರೆ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವುದು ಮಾತ್ರ ಎಂದಾಗುತ್ತದೆ. 2021ರ ಪಠ್ಯಕ್ರಮದಲ್ಲಿ ಕೌಶಲದ ಹೆಸರಿನಲ್ಲಿ ಬಂದ ವಿಷಯಗಳಲ್ಲಿ 'ಡಿಜಿಟಲ್ ಫ್ಲುಯೆನ್ಸಿ' ಮುಖ್ಯವಾದುದು. ಅದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲ್ಲೂಕುಗಳ ಕಾಲೇಜಿಗೂ ಮಹಾನಗರದ ಕಾಲೇಜಿಗೂ ಒಂದೇ ಕೌಶಲ ಸಾಕು ಎನ್ನುವುದು ಸರಿಯಾದ ಕ್ರಮವಲ್ಲ.

ಹಿಂದೆ ನಡೆದ ಪ್ರಯತ್ನಗಳು

ಈ ವಿಚಾರ ಹೊಸದೇನೂ ಅಲ್ಲ. ಕೃಷಿ ವಿಶ್ವವಿದ್ಯಾನಿಲಯದ ಚರಿತ್ರೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ 30 ಎಕರೆ ಭೂಮಿಯಲ್ಲಿ ಪ್ರಾಯೋಗಿಕ ಕ್ಷೇತ್ರ ಆರಂಭವಾಯಿತು. 1913ರಲ್ಲಿ ಅಲ್ಲಿ ಕೃಷಿ ಶಾಲೆ ಬಂತು. ಅದು 1946ರಲ್ಲಿ ಕಾಲೇಜು ಆಯಿತು, 1964ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಂದರೆ ಒಂದು ಕಸುಬು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಉನ್ನತ ಶಿಕ್ಷಣ ಎನಿಸಿಕೊಂಡ ಕತೆ ಇದು. ಮೇಲೇರಿದಂತೆ ಪುಸ್ತಕದ ಪಾಲು ಹೆಚ್ಚಾಯಿತು, ಕೈಗೆಲಸದ ಪಾಲು ಕಡಿಮೆಯಾಯಿತು. ಪದವಿ ಪಡೆದವರಲ್ಲಿ ಬಹಳ ಮಂದಿ ಸರ್ಕಾರಿ ಇಲಾಖೆ, ಬ್ಯಾಂಕು, ಗೊಬ್ಬರ ಕಂಪೆನಿ ಎಂದು ಹೋದರು. ಇದನ್ನು ಸರಿಪಡಿಸಲೆಂದೇ ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬ ಕಾರ್ಯಕ್ರಮ ಸೇರಿತು. ಅದರಂತೆ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರೊಡನೆ ಕೆಲಸ ಮಾಡುತ್ತಾರೆ. 2015ರಿಂದ ಇದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ 'ಸ್ಟೂಡೆಂಟ್ ರೆಡಿ' ಯೋಜನೆಯ ಒಂದು ಭಾಗ. ನಿಮ್ಮಲ್ಲಿ ಕೆಲವರ ಮನೆಗೆ ಇಂತಹ ವಿದ್ಯಾರ್ಥಿಗಳು ಬಂದಿರಬಹುದು. ಅವರಲ್ಲಿ ಕೆಲವರು ಕೆಲಸ ಕಲಿತು ಹೋದರು, ಕೆಲವರು ಪ್ರಶ್ನಾವಳಿ ತುಂಬಿಸಿಕೊಂಡು ಹೋದರು ಎಂಬುದು ಸಹ ನಿಮಗೆ ಗೊತ್ತಿರುತ್ತದೆ.

ಕೃಷಿ ಪದವಿಗೆ ರೈತರ ಮಕ್ಕಳಿಗಾಗಿ ಮೀಸಲಾದ ಸೀಟುಗಳಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಉಪಕರಣ, ಕಳೆ ಗಿಡ ಮುಂತಾದವನ್ನು ನೋಡಿ ಗುರುತಿಸಬೇಕು. ರೈತರ ಮನೆಯಲ್ಲಿ ಬೆಳೆದ ಮಗುವಿಗೆ ಅನುಕೂಲವಾಗಲಿ ಎಂಬುದು ಇದರ ಉದ್ದೇಶ, ಒಳ್ಳೆಯದೇ. ಆದರೆ ಈಗ ಈ ಪರೀಕ್ಷೆಗೂ ತರಬೇತಿ ತರಗತಿಗಳು ಹುಟ್ಟಿಕೊಂಡಿವೆ. ಕುಡುಗೋಲನ್ನು ಚಿತ್ರದಲ್ಲಿ ನೋಡಿ ಹೆಸರು ಬಾಯಿಪಾಠ ಮಾಡಿದವನಿಗೂ ಅದನ್ನು ಹಿಡಿದು ಹುಲ್ಲು ಕೊಯ್ದವನಿಗೂ ಒಂದೇ ಅಂಕ. ಕಸುಬನ್ನು ಪರೀಕ್ಷೆಗೆ ಇಳಿಸುವಾಗ ಹೆಸರು ಹೇಳಿಸುವುದು ಸುಲಭ, ಮಾಡಿಸಿ ನೋಡುವುದು ಕಷ್ಟ. ಪದವಿ ಕಾಲೇಜುಗಳಲ್ಲಿ ವೃತ್ತಿ ತರಬೇತಿ ಕೆಡುವುದಾದರೆ ಮೊದಲು ಕೆಡುವುದು ಇಲ್ಲಿಯೇ.

ಕರಾವಳಿಯಲ್ಲಿಯೂ ಈ ಯೋಚನೆಗೆ ಹಳೆಯ ಬೇರು ಇದೆ. ಡಾ. ಟಿ.ಎಂ.ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದಾಗ ಅವರ ಉದ್ದೇಶಗಳಲ್ಲಿ ಮುಖ್ಯವಾದುದು ಯುವಕರಿಗೆ ಒಂದು ಕಸುಬು ಕಲಿಸುವುದು. ಮಣಿಪಾಲವು ಈಗ ವೈದ್ಯಕೀಯ, ತಾಂತ್ರಿಕ ಶಿಕ್ಷಣಕ್ಕೆ ಹೆಸರಾದ ಊರು. ಉಜಿರೆಯ ಸಿದ್ಧವನ ಗುರುಕುಲದಲ್ಲಿ ವಿದ್ಯಾರ್ಥಿಗಳು ಓದಿನ ಜೊತೆಗೆ ಗದ್ದೆ ತೋಟಗಳ ಕೆಲಸ ಮಾಡುವ ಪದ್ಧತಿ ದಶಕಗಳಿಂದ ಇದೆ. ಅದೇ ಊರಿನ ರತ್ನಮಾನಸದಲ್ಲಿ ಪ್ರೌಢಶಾಲೆಯ ಹುಡುಗರು ಬೇಸಾಯ, ಹೈನುಗಾರಿಕೆ ಮಾಡುತ್ತಾರೆ. ಇವು ವಸತಿ ನಿಲಯದ ಶಿಸ್ತಿಗೆ ಸೇರಿದವು. ವಿಶ್ವವಿದ್ಯಾನಿಲಯದ ಅಂಕಪಟ್ಟಿಯಲ್ಲಿ ಆ ದುಡಿಮೆಗೆ ಸ್ಥಾನವಿಲ್ಲ.

ಸರ್ಕಾರದ ಕಡೆಯಿಂದ ಕೊಠಾರಿ ಆಯೋಗವು 1966ರಲ್ಲಿಯೇ ಶಿಕ್ಷಣದಲ್ಲಿ ಕಾರ್ಯಾನುಭವ ಸೇರಬೇಕೆಂದು ಹೇಳಿತು. 1986ರ ಶಿಕ್ಷಣ ನೀತಿಯು ಪದವಿಪೂರ್ವ ಹಂತದ ಶೇಕಡಾ 10ರಷ್ಟು ವಿದ್ಯಾರ್ಥಿಗಳನ್ನು 1990ರೊಳಗೆ, ಶೇಕಡಾ 25ರಷ್ಟನ್ನು 1995ರೊಳಗೆ ವೃತ್ತಿ ಕೋರ್ಸುಗಳಿಗೆ ತರುವ ಗುರಿ ಇಟ್ಟಿತು. ಗುರಿ ಮುಟ್ಟಲಿಲ್ಲ. ನಮ್ಮ ರಾಜ್ಯದ 'ಜೆ.ಒ.ಸಿ.' ಎಂಬ ಉದ್ಯೋಗಾಧಾರಿತ ಕೋರ್ಸುಗಳನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಅವು ಈಗ ಇಲ್ಲ. ಇಂತಹ ಕೋರ್ಸುಗಳಿಗೆ ಕಲಿಸುವವರು ಅರೆಕಾಲಿಕರು, ಉಪಕರಣಗಳು ಅರ್ಧಂಬರ್ಧ, ಮುಂದೆ ಓದಬೇಕೆಂದರೆ ದಾರಿ ಇಕ್ಕಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಅಂಕ ಕಡಿಮೆ ಬಂದವರು ಹೋಗುವ ಜಾಗ ಎಂಬ ಹೆಸರು ಅವುಗಳಿಗೆ ಅಂಟಿಕೊಂಡಿತು. ಒಮ್ಮೆ ಆ ಹೆಸರು ಬಂದ ಮೇಲೆ ಯಾವ ತಂದೆ ತಾಯಿ ಮಗುವನ್ನು ಕಳುಹಿಸುತ್ತಾರೆ?

ಉಜಿರೆಯಲ್ಲಿ ಕಲಿಯಬಹುದಾದ ಪಾಠ

ಗುರುವಾಯನಕೆರೆಯಿಂದ ಕೆಲವೇ ಕಿಲೋಮೀಟರ್ ದೂರದ ಉಜಿರೆಯಲ್ಲಿ ಒಂದು ಪ್ರಯತ್ನ ಮಾತ್ರ ನಿಂತಿತು, ಬೆಳೆಯಿತು. 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆ ಅದು. ನಿರುದ್ಯೋಗಿ ಯುವಜನರನ್ನು ಕೆಲವು ದಿನ ಅಥವಾ ಕೆಲವು ವಾರ ಅಲ್ಲಿಯೇ ಇರಿಸಿಕೊಂಡು ಊಟ, ವಸತಿ, ತರಬೇತಿ ಎಲ್ಲವನ್ನೂ ಉಚಿತವಾಗಿ ಕೊಡುತ್ತಾರೆ. ತರಬೇತಿ ಮುಗಿದ ಮೇಲೂ ಸುಮಾರು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಇದೇ ಮಾದರಿಯಲ್ಲಿ ದೇಶದ ಪ್ರತಿ ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆ ಆಗಬೇಕೆಂದು ಯೋಜನೆ ಹಾಕಿತು.

ಈ ಸಂಸ್ಥೆ ಫಲ ಕೊಟ್ಟುದಕ್ಕೆ ಕಾರಣ ಕಟ್ಟಡವಲ್ಲ, ಬೆನ್ನು ಹತ್ತಿ ವಿಚಾರಿಸುವ ಕ್ರಮ. ಕಸಿ ಕಟ್ಟಿದ ಗಿಡಕ್ಕೆ ಮೊದಲ ಎರಡು ಬೇಸಗೆ ನೀರು ಹಾಕಿದ ಹಾಗೆ. ಆದರೆ ಇಲ್ಲಿ ಕಲಿಯುವವರಲ್ಲಿ ಹೆಚ್ಚಿನವರು ಓದು ಮುಗಿಸಿದವರು ಅಥವಾ ಬಿಟ್ಟವರು. ಅಂದರೆ ಮೂರು ವರ್ಷ ಪದವಿ ಓದಿ, ನಂತರ ಕೆಲಸ ಸಿಗದೆ, ಆಮೇಲೆ ಒಂದು ಕಸುಬು ಕಲಿಯಲು ಬರುವುದು. ಆ ಮೂರು ವರ್ಷಗಳ ಒಳಗೆಯೇ ಇದು ಆಗಬಾರದೇಕೆ ಎಂಬುದು ನನ್ನ ಪ್ರಶ್ನೆ.

ಆಗಬಹುದು ಎನ್ನಲು ನಿಯಮದ ಅಡ್ಡಿ ಈಗ ಇಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2014ರಲ್ಲಿ ಬಿ.ವೋಕ್. ಪದವಿಯನ್ನು ತಂದಿತು. ಅದರಲ್ಲಿ ಶೇಕಡಾ 60 ಪಾಲು ಕಸುಬು, 40 ಪಾಲು ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, ಆ ಕಲಿಕೆ ತರಗತಿಯಲ್ಲಿಯೇ ಆಗಬೇಕೆಂದಿಲ್ಲ. ದಿನಕ್ಕೆ 6 ಗಂಟೆಯಂತೆ 10 ದಿನ ತೋಟದಲ್ಲಿ ಕಲಿತರೆ 2 ಕ್ರೆಡಿಟ್ ಆಯಿತು. ಲೆಕ್ಕ ಇಷ್ಟು ಸರಳ. ಇದನ್ನು ಉಪಯೋಗಿಸುವ ಮನಸ್ಸು ಬೇಕು.

ನನಗೆ ಬಿ.ವೋಕ್. ಎಂಬ ಪ್ರತ್ಯೇಕ ಪದವಿಗಿಂತ, ಸಾಮಾನ್ಯ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಎಲ್ಲರಿಗೂ ಒಂದು ಕಸುಬು ಕಡ್ಡಾಯವಾಗುವುದೇ ಮೇಲು ಎಂದು ತೋರುತ್ತದೆ. ಪ್ರತ್ಯೇಕವಾಗಿ ಇಟ್ಟದ್ದಕ್ಕೆ ಜೆ.ಒ.ಸಿ.ಯ ಹೆಸರೇ ಬರುವ ಅಪಾಯವಿದೆ.

ಮದ್ದಿನ ಡ್ರಮ್ಮಿನಲ್ಲಿರುವ ರಸಾಯನಶಾಸ್ತ್ರ

ಕಸುಬು ಎಂದರೆ ಬುದ್ಧಿ ಬೇಡದ ಕೆಲಸ ಎಂಬ ಭಾವನೆ ಕಾಲೇಜುಗಳಲ್ಲಿ ಇದೆ. ನಮ್ಮ ರೈತರಲ್ಲಿಯೂ ಇಲ್ಲದಿಲ್ಲ. ಆದುದರಿಂದ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ.

ಅಡಿಕೆಯ ಕೊಳೆರೋಗಕ್ಕೆ, ಅಂದರೆ ಮಹಾಳಿಗೆ, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಬಳಕೆಗೆ ತಂದರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ತಯಾರಾದ ದ್ರಾವಣದಲ್ಲಿ ಹೊಳೆಯುವ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಲೇಪ ಹತ್ತಿದರೆ ಮೈಲುತುತ್ತು ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ಸುಣ್ಣ ಸೇರಿಸಬೇಕು. ಅದೇ ದಿನ ಮುಗಿಸಬೇಕು.

ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ಚೂರಿಯ ಪರೀಕ್ಷೆಯ ಹಿಂದಿರುವ ಕ್ರಿಯೆ ಗೊತ್ತು. ಕಬ್ಬಿಣವು ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆ ತಳ್ಳಿ ತಾನು ಕರಗುತ್ತದೆ, ಆ ತಾಮ್ರವೇ ಅಲಗಿನ ಮೇಲೆ ಕೂರುವ ಕೆಂಪು. ಅವನು ಅದನ್ನು ಸಮೀಕರಣವಾಗಿ ಬರೆದು ಅಂಕ ಪಡೆದಿದ್ದಾನೆ, ಆದರೆ ಮದ್ದಿನ ಡ್ರಮ್ಮಿನ ಬಳಿ ನಿಂತಿಲ್ಲ. ಮದ್ದು ಬಿಡುವವರಿಗೆ ಚೂರಿ ಕೆಂಪಾದರೆ ಸುಣ್ಣ ಹಾಕಬೇಕೆಂದು ಗೊತ್ತು. ಏಕೆಂದು ಯಾರೂ ಹೇಳಿಲ್ಲ. ಹೇಳದಿದ್ದ ಕಾರಣ, ಹಳೆಯ ಸುಣ್ಣ ಗಾಳಿಗೆ ಸತ್ತು ಹೋಗಿದ್ದಾಗ ತೂಕ ಸರಿಯಿದ್ದರೂ ದ್ರಾವಣ ಕೆಡುತ್ತದೆ, ಹಿಂಗಾರ ಸುಟ್ಟು ಹೋಗುತ್ತದೆ, ದೋಷ ಮಾತ್ರ ಕಂಪೆನಿಯ ಮೇಲೆ ಹೋಗುತ್ತದೆ. ಈ ಎರಡು ತಿಳಿವಳಿಕೆ ಒಬ್ಬನಲ್ಲಿಯೇ ಕೂಡಿದರೆ ಅವನನ್ನು ಕೂಲಿಯವನು ಎಂದು ಕರೆಯುವುದಕ್ಕಾಗದು.

ರಬ್ಬರ್ ಟ್ಯಾಪಿಂಗ್ ಇನ್ನೊಂದು. ಕಸಿ ಗಿಡದ ಕಾಂಡ ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿ 50 ಸೆಂಟಿಮೀಟರ್ ಸುತ್ತಳತೆ ಬಂದ ಮೇಲೆ 30 ಡಿಗ್ರಿ ಓರೆಯಲ್ಲಿ ಗೆರೆ ಕೊಯ್ಯುತ್ತಾರೆ. ಹಾಲಿನ ನಾಳಗಳು ಹೆಚ್ಚಾಗಿರುವುದು ತೊಗಟೆಯ ಒಳಪದರದಲ್ಲಿ. ಕತ್ತಿಯು ಒಂದು ಮಿಲಿಮೀಟರ್ ಆಚೆ ಹೋದರೆ ತೊಗಟೆ ಹುಟ್ಟಿಸುವ ಪದರಕ್ಕೆ ಗಾಯವಾಗಿ ಮುಂದೆ ಅಲ್ಲಿ ಗಂಟು ಬೀಳುತ್ತದೆ, ಒಂದು ಮಿಲಿಮೀಟರ್ ಈಚೆ ನಿಂತರೆ ಹಾಲು ಕಡಿಮೆ. ಇಷ್ಟು ಸೂಕ್ಷ್ಮದ ಕೆಲಸವನ್ನು ಬೆಳಕು ಹರಿಯುವ ಮುನ್ನ ತಲೆಗೆ ದೀಪ ಕಟ್ಟಿಕೊಂಡು ನೂರಾರು ಮರಗಳಿಗೆ ಮಾಡುವವರ ಕೈಯನ್ನು ಸಸ್ಯಶಾಸ್ತ್ರದ ತರಗತಿ ಒಮ್ಮೆಯಾದರೂ ನೋಡಬೇಕು.

ಗೇರಿನ ಮೃದುಕಾಂಡ ಕಸಿ, ಕಾಳುಮೆಣಸಿನ ಕಸಿ, ಜೇನು ಸಾಕಣೆ, ಪಂಪು ಮತ್ತು ಸ್ಟಾರ್ಟರ್ ದುರಸ್ತಿ, ಅಡಿಕೆ ವಿಂಗಡಣೆ, ಹಾಲಿನ ಸಂಘದ ಲೆಕ್ಕ ಪತ್ರ, ಇವೆಲ್ಲ ಸೇರಬಹುದು. ವಾಣಿಜ್ಯ ಪದವಿಯವರು ಕ್ಯಾಂಪ್ಕೋ ಚರಿತ್ರೆ ಓದಿದರೆ ಸಾಲದು. 1973ರಲ್ಲಿ ಬೆಲೆ ಕುಸಿತದ ಪೆಟ್ಟು ತಿಂದ ಬೆಳೆಗಾರರನ್ನು ವಾರಣಾಶಿ ಸುಬ್ರಾಯ ಭಟ್ಟರು ಒಗ್ಗೂಡಿಸಿ ಕಟ್ಟಿದ ಸಂಸ್ಥೆಯ ಖರೀದಿ ಕೇಂದ್ರದಲ್ಲಿ ಒಂದು ತಿಂಗಳು ಕುಳಿತು ಹೊಸತು, ಹಳತು, ಪಟೋರ, ಕರಿಗೋಟು ಎಂದು ಅಡಿಕೆ ಕೈಯಲ್ಲಿ ಹಿಡಿದು ಬೇರ್ಪಡಿಸಲು ಕಲಿಯಬೇಕು. ಹೆಣ್ಣುಮಕ್ಕಳಿಗೆ ಹೊಲಿಗೆ ಮಾತ್ರ ಎಂಬ ಹಳೆಯ ಪಟ್ಟಿಯನ್ನು ಈಗಲಾದರೂ ಹರಿದು ಹಾಕಬೇಕು. ಕಸಿ ಕಟ್ಟುವುದಕ್ಕೂ ಸ್ಟಾರ್ಟರ್ ಬಿಚ್ಚುವುದಕ್ಕೂ ಬೇಕಾದುದು ತೋಳಿನ ಬಲವಲ್ಲ, ಕೈಯ ನಯ.

ಮರ ಏರುವವರ ಮಕ್ಕಳು

ಈಗ ಕಷ್ಟದ ಮಾತಿಗೆ ಬರೋಣ. ತೋಟವಿರುವ ಮನೆಯ ಹುಡುಗನಿಗೆ ಕಾಲೇಜಿನಲ್ಲಿ ಕಸುಬು ಕಲಿಸಿದರೆ ಅದು ಅವನಿಗೆ ಹೆಚ್ಚಿನ ವಿದ್ಯೆ. ಆದರೆ ಮೂವತ್ತು ವರ್ಷ ತಳೆ ಹಾಕಿ ಇನ್ನೊಬ್ಬರ ಅಡಿಕೆ ಮರ ಏರಿದ ತಂದೆ ತನ್ನ ಮಗನನ್ನು ಕಾಲೇಜಿಗೆ ಕಳುಹಿಸುವುದು ಮಗ ಮರ ಏರಬಾರದೆಂದೇ. ಆ ಕಾಲೇಜೇ "ಬಾ, ನಿನಗೆ ಮರ ಏರಲು ಕಲಿಸುತ್ತೇವೆ" ಎಂದರೆ ಅವರು ಏನು ತಿಳಿಯಬೇಕು?

ಈ ಪ್ರಶ್ನೆಯನ್ನು ಬದಿಗೆ ತಳ್ಳಿ ವೃತ್ತಿ ಶಿಕ್ಷಣದ ಗುಣಗಾನ ಮಾಡುವುದು ನ್ಯಾಯವಲ್ಲ. ನಮ್ಮ ಸೀಮೆಯಲ್ಲಿ ಕೈಗೆಲಸಗಳು ಬಹುಕಾಲ ಜಾತಿಗೆ ಕಟ್ಟಿಹಾಕಲ್ಪಟ್ಟಿದ್ದವು. 1974ರ ಭೂಸುಧಾರಣೆಯಿಂದ ದಕ್ಷಿಣ ಕನ್ನಡದ ಬಹಳ ಗೇಣಿದಾರರು ಭೂಮಿಯ ಒಡೆಯರಾದರು, ಅವರ ಮಕ್ಕಳು ಓದಿದರು. ಭೂಮಿ ಸಿಗದವರಿಗೆ ಉಳಿದ ಏಣಿ ಪದವಿ ಒಂದೇ. 'ನಿಮ್ಮವರಿಗೆ ಹೇಳಿದ ಕೆಲಸ ಇದೇ' ಎಂಬ ಹಳೆಯ ಮಾತನ್ನು ಸರ್ಟಿಫಿಕೇಟಿನ ಮೇಲೆ ಅಚ್ಚು ಹಾಕಿಸಿ ಕೊಡುವ ವೃತ್ತಿ ಶಿಕ್ಷಣವನ್ನು ನಾನು ಬೆಂಬಲಿಸಲಾರೆ. ರೈತರಿಗೆ ಕೆಲಸದವರು ಸಿಗುವುದಿಲ್ಲ ಎಂಬ ಕಾರಣಕ್ಕೆ ಕಾಲೇಜುಗಳು ಕೆಲಸದವರನ್ನು ತಯಾರಿಸಿ ಕೊಡಬೇಕು ಎಂದು ನಾವು ಕೇಳುವುದಾದರೆ ಅದು ಶಿಕ್ಷಣದ ಬೇಡಿಕೆಯೇ ಅಲ್ಲ.

ಹಾಗಾದರೆ ಕೇಳಬೇಕಾದುದು ಏನು? ಮೊದಲನೆಯದಾಗಿ, ಕಸುಬು ಎಲ್ಲರಿಗೂ ಇರಬೇಕು. ಹತ್ತು ಎಕರೆ ತೋಟದ ಮಾಲೀಕರ ಮಗನೂ, ಬೇರೆ ಊರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗಳೂ ಅದೇ ಸಾಲಿನಲ್ಲಿ ನಿಂತು ಕಸಿ ಕಟ್ಟಬೇಕು, ಪಂಪು ಬಿಚ್ಚಬೇಕು. ಅಂಕ ಕಡಿಮೆ ಬಂದವರಿಗೆ ಕಸುಬು, ಹೆಚ್ಚು ಬಂದವರಿಗೆ ವಿನಾಯಿತಿ ಎಂಬ ಕ್ರಮ ಕೂಡದು. ಯಾವ ಕಸುಬು ಎಂಬುದನ್ನು ವಿದ್ಯಾರ್ಥಿಯೇ ಆರಿಸಬೇಕು. ಮರ ಏರುವುದು ಬೇಡವೆಂದವನಿಗೆ ಹತ್ತು ಬೇರೆ ಇವೆ.

ಕೆಲಸವೂ ಸಹ ಹಳೆಯ ರೂಪದಲ್ಲಿಯೇ ಉಳಿಯಬೇಕಾಗಿಲ್ಲ. 2018ರ ಮುಂಗಾರಿನಲ್ಲಿ ಎಡೆಬಿಡದ ಮಳೆಗೆ ಮದ್ದು ಬಿಡಲಾಗದೆ ಕೊಳೆರೋಗ ಬಹಳ ಹಾನಿ ಮಾಡಿತು. ಆ ವರ್ಷದ ಕೊನೆಯಲ್ಲಿ ಬಂಟ್ವಾಳ ತಾಲ್ಲೂಕಿನ ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದಲ್ಲಿ ಅಡಿಕೆ ಮರ ಏರುವ ತರಬೇತಿ ಶಿಬಿರ ನಡೆಯಿತು. ಅದೇ ತಾಲ್ಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಆಳುಗಳ ಕೊರತೆಗೆ ಉತ್ತರವಾಗಿ ಪೆಟ್ರೋಲ್ ಎಂಜಿನ್ ಇರುವ ಮರ ಏರುವ ಬೈಕನ್ನು ರೂಪಿಸಿದರು, 2019ರಲ್ಲಿ ಅದು ದೇಶದ ಗಮನ ಸೆಳೆಯಿತು. ಅವರು ವಿಜ್ಞಾನ ಪದವೀಧರರು ಎಂಬುದನ್ನು ಇಲ್ಲಿ ಗಮನಿಸಬೇಕು. ನಂತರ ಕಾರ್ಬನ್ ಫೈಬರ್ ದೋಟಿಗಳು ಬಂದವು, ನೆಲದಲ್ಲಿ ನಿಂತು 60 ಅಡಿ ಎತ್ತರದ ಗೊನೆಗೆ ಮದ್ದು ಬಿಡಬಹುದು, ಗೊನೆ ಇಳಿಸಬಹುದು. ಕಸುಬು ತಿಳಿದವನಿಗೆ ಓದು ಸೇರಿದಾಗ, ಓದಿದವನಿಗೆ ಕಸುಬಿನ ಕಷ್ಟ ತಿಳಿದಾಗ ಕೆಲಸದ ರೂಪವೇ ಬದಲಾಗುತ್ತದೆ. ತಂದೆ ತಳೆ ಹಾಕಿ ಏರಿದ ತೋಟಕ್ಕೆ ಮಗ ಎರಡು ದೋಟಿ, ಒಂದು ಪಂಪು, ನಾಲ್ಕು ಜೊತೆಗಾರರನ್ನು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಬಂದರೆ ಅದು ಬೇರೆಯೇ ಸಂಬಂಧ. ಆಗ ತೋಟದ ಯಜಮಾನರೂ ಅವನೊಡನೆ ಮಾತನಾಡುವ ರೀತಿಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಕಾಲೇಜು ಎಷ್ಟೇ ಕಲಿಸಿದರೂ, ಅಂಗಳದಲ್ಲಿ ಅವನಿಗೆ ಕುರ್ಚಿ ಕೊಡದಿದ್ದರೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅದನ್ನು ತಪ್ಪು ಎನ್ನುವ ಹಕ್ಕು ನಮಗಿಲ್ಲ.

ಯಾರು ಕಲಿಸಬೇಕು, ಯಾವಾಗ ಕಲಿಸಬೇಕು

ಕಸುಬನ್ನು ಬಲ್ಲವರೇ ಕಲಿಸಬೇಕು. ಅನುದಾನ ಆಯೋಗವು 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ವ್ಯವಸ್ಥೆ ಮಾಡಿತು. ಆಯಾ ಕ್ಷೇತ್ರದಲ್ಲಿ 15 ವರ್ಷಗಳ ಅನುಭವ ಇರುವ ಪರಿಣತರನ್ನು ಪದವಿ ಕೇಳದೆ ಕಾಲೇಜಿಗೆ ಕರೆಯಬಹುದು. ಇದನ್ನು ಬಳಸುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ನಿವೃತ್ತ ಅಧಿಕಾರಿ, ಕಂಪೆನಿ ವ್ಯವಸ್ಥಾಪಕ. ನಲವತ್ತು ವರ್ಷ ಕಸಿ ಕಟ್ಟಿದ ನರ್ಸರಿಯವರನ್ನು, ರಬ್ಬರ್ ಟ್ಯಾಪಿಂಗಿನಲ್ಲಿ ಪಳಗಿದ ಕೈಯವರನ್ನು ಏಕೆ ಕರೆಯಬಾರದು? ಆಯೋಗದ ಹುದ್ದೆಯೇ ಸಿಗದಿದ್ದರೂ ಚಿಂತೆಯಿಲ್ಲ. ಅತಿಥಿ ಉಪನ್ಯಾಸಕರಿಗೆ ಗಂಟೆಗೆ ಕೊಡುವಷ್ಟನ್ನೇ ಅವರಿಗೂ ಕೊಡಬೇಕು, ಅವರು ಹಾಕಿದ ಅಂಕವೇ ಅಂಕಪಟ್ಟಿಗೆ ಹೋಗಬೇಕು. ಪರೀಕ್ಷೆ ಮರದ ಬುಡದಲ್ಲಿ, ಪಂಪಿನ ಶೆಡ್ಡಿನಲ್ಲಿ ನಡೆಯಲಿ. ಹತ್ತು ಕಸಿ ಕಟ್ಟಿದವನಿಗೆ ಎರಡು ತಿಂಗಳ ನಂತರ ಎಷ್ಟು ಚಿಗುರಿದವು ಎಂದು ಎಣಿಸಿ ಅಂಕ ಕೊಟ್ಟರೆ ಅಲ್ಲಿ ಬಾಯಿಪಾಠ ನಡೆಯದು.

ಸಮಯದ ವಿಷಯ ಸಣ್ಣದಾಗಿ ಕಂಡರೂ ಇದರಲ್ಲಿಯೇ ಕೆಲಸ ಕೆಡುವ ಸಂಭವ ಹೆಚ್ಚು. ಮೊದಲ ಮದ್ದು ಮುಂಗಾರು ಹಿಡಿಯುವ ಮೊದಲು, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಆಗಬೇಕು. ಎರಡನೆಯದು 40ರಿಂದ 45 ದಿನ ಬಿಟ್ಟು. ಕಾಲೇಜಿಗೆ ಅದು ಪರೀಕ್ಷೆ, ರಜೆ, ಪ್ರವೇಶದ ಗಡಿಬಿಡಿಯ ಕಾಲ. ಚಳಿಗಾಲದಲ್ಲಿ ಅಡಿಕೆ ಕೊಯ್ಲು, ಅಂಗಳದಲ್ಲಿ ಒಣಗಿಸುವ ಕೆಲಸ ನಡೆಯುವಾಗ ಕಾಲೇಜಿನಲ್ಲಿ ಪಾಠದ ಒತ್ತಡ. ಮಾರ್ಚಿನಲ್ಲಿ ಎರಡು ಗಂಟೆ ಬಿಡುವಿದೆಯೆಂದು ಬೋರ್ಡೋ ದ್ರಾವಣ ಕಲಿಸಿದರೆ ಅದು ಪ್ರದರ್ಶನ ಆದೀತು, ಕಲಿಕೆ ಆಗದು. ಪಠ್ಯಕ್ರಮ ಮಾಡುವವರು ಕಸುಬಿನ ದಿನಗಳನ್ನು ಬೆಳೆಯ ಕ್ಯಾಲೆಂಡರಿಗೆ ಹೊಂದಿಸಲು ಪ್ರತಿ ಕಾಲೇಜಿಗೆ ಸ್ವಾತಂತ್ರ್ಯ ಕೊಡಬೇಕು. ಮೇ ತಿಂಗಳ ಹತ್ತು ದಿನ, ಡಿಸೆಂಬರಿನ ಹತ್ತು ದಿನ ಎಂದು ಮೊದಲೇ ಗೊತ್ತುಪಡಿಸುವುದು ಕಷ್ಟವೇನಲ್ಲ.

ವಿಮೆ ಇಲ್ಲದೆ ಯಾವ ವಿದ್ಯಾರ್ಥಿಯನ್ನೂ ಮರದ ಹತ್ತಿರ ಬಿಡಬಾರದು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಅಪಘಾತ ವಿಮೆ ಇದೆ. ಕಲಿಯುವವರಿಗೂ ಅಂತಹ ರಕ್ಷಣೆಯನ್ನು ಕಾಲೇಜು ಮಾಡಿಸಬೇಕು, ಸೊಂಟಪಟ್ಟಿ ಮತ್ತು ಹಗ್ಗ ಕಡ್ಡಾಯವಾಗಬೇಕು. ಎರಡನೆಯ ಹತ್ತು ದಿನಗಳಲ್ಲಿ ವಿದ್ಯಾರ್ಥಿ ನಿಜವಾದ ಕೆಲಸ ಮಾಡಿಕೊಟ್ಟರೆ ತೋಟದವರು ಅದಕ್ಕೆ ಕೂಲಿ ಕೊಡಬೇಕು. ಕಲಿಕೆಯ ಹೆಸರಿನಲ್ಲಿ ಬಿಟ್ಟಿ ಆಳು ಸಿಕ್ಕಿದರು ಎಂದು ಯಾರಾದರೂ ತಿಳಿದರೆ ಮುಂದಿನ ವರ್ಷ ಆ ತೋಟವನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಕಾಲೇಜಿಗೆ ಇರಲಿ.

ನೀವು ಈಗ ಮಾಡಬಹುದಾದ ಕೆಲಸ ಇಷ್ಟು. ನಿಮ್ಮ ಮಕ್ಕಳು ಓದುವ ಕಾಲೇಜಿನಲ್ಲಿ ಪೋಷಕರ ಸಭೆ ಇದ್ದೇ ಇರುತ್ತದೆ. ಅಲ್ಲಿ ಫಲಿತಾಂಶ ಎಷ್ಟು ಎಂದು ಕೇಳಿದ ನಂತರ, ಕೌಶಲದ ವಿಷಯದಲ್ಲಿ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ ಎಂದು ಸಹ ಕೇಳಿರಿ. ಮೂರ್ನಾಲ್ಕು ಮಂದಿ ಬೆಳೆಗಾರರು ಸೇರಿ, ಎತ್ತರ ಕಡಿಮೆ ಇರುವ ಎಳೆಯ ಮರಗಳ ಒಂದು ಸಾಲನ್ನು ಕಲಿಕೆಗೆ ಬಿಡುತ್ತೇವೆ ಎಂದು ಲಿಖಿತವಾಗಿ ಕೊಡಿರಿ. ನಿಮ್ಮ ತೋಟಕ್ಕೆ ವರ್ಷವೂ ಬರುವ ಮದ್ದಿನವರನ್ನು ಕುಳ್ಳಿರಿಸಿ, ಕಾಲೇಜಿನ ಮಕ್ಕಳಿಗೆ ಕಲಿಸಲು ಒಪ್ಪಿಗೆಯೇ ಎಂದು ಮೊದಲು ಅವರನ್ನೇ ವಿಚಾರಿಸಿರಿ. ತಾಂತ್ರಿಕ ನೆರವಿಗೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ, ವಿಟ್ಲದ ಸಿ.ಪಿ.ಸಿ.ಆರ್.ಐ., ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇವೆ. ಕಾಲೇಜಿನಿಂದ ಪತ್ರ ಹೋದರೆ ಅಲ್ಲಿನ ವಿಜ್ಞಾನಿಗಳನ್ನು ಕರೆಸಿಕೊಳ್ಳಬಹುದು. ಮುಂದಿನ ವರ್ಷದ ವೇಳಾಪಟ್ಟಿ ಅಚ್ಚಾಗುವ ಮೊದಲು, ಅಂದರೆ ಈ ಕೊಯ್ಲಿನ ಮೊದಲ ಗೊನೆ ಅಂಗಳಕ್ಕೆ ಬೀಳುವ ಹೊತ್ತಿಗೆ ಪ್ರಾಂಶುಪಾಲರನ್ನು ಕಂಡರೆ ಮೇ ತಿಂಗಳ ಮದ್ದಿಗೆ ಸರಿಹೋಗುತ್ತದೆ.